ಊರಿನ ಮಾತನ್ನು ಕಚೇರಿಗೆ ಸಾರುವ ಹುಚ್ಚೀರಯ್ಯ

ನನ್ನ ಯಜಮಾನರ ವೈಕುಂಠ ಸಮಾರಾಧನೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಗ್ಗೆ. ಮದ್ದೂರಿನ ನಮ್ಮ ಬೀದಿಯಲ್ಲಿ ಹಾಲಿನವಳು ಎಂದಿನಂತೆ ಕೂಗುತ್ತಾಳೆ. ಬಾವಿಯ ರಾಟೆ ಕಿರುಗುಟ್ಟುತ್ತದೆ. ಅದರ ಹಿಂದೆಯೇ ಯಾರೋ ಸೀಮೆಎಣ್ಣೆ ಡಬ್ಬ ಬಡಿಯುವ ಸದ್ದು.

ಬಾಗಿಲಿಗೆ ಬಂದು ನೋಡುತ್ತೇನೆ. ಸರ್ಕಾರಿ ಡಂಗುರದ ಹುಚ್ಚೀರಯ್ಯನವರು. ಸೊಂಟದಲ್ಲಿ ಹಿತ್ತಾಳೆ ಬಿಲ್ಲೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತಮಟೆಯ ಬದಲು ಡಬ್ಬ.

"ಕೇಳ್ರಪ್ಪೋ ಕೇಳಿ. ರೈತ್ರೆಲ್ಲ ಲೆವಿ ಭತ್ತ ಎಂಟು ದಿನದೊಳಗೆ ಉಗ್ರಾಣಕ್ಕೆ ಅಳೀಬೇಕು ಅಂತ ಸರ್ಕಾರದ ಅಪ್ಪಣೆ ಆಗದೆ."

ನನ್ನನ್ನು ಕಂಡು ದನಿ ತಗ್ಗಿಸಿ ಮುಂದೆ ನಡೆಯುತ್ತಾರೆ.

ಅವರಿಗೆ ಐವತ್ತು ದಾಟಿದೆ. ಮಳವಳ್ಳಿ ರಸ್ತೆಯ ಆರು ಊರು, ಹೋಗಿ ಬರಲು ಹನ್ನೊಂದು ಮೈಲಿ, ಒಂದೊಂದು ಊರಿನಲ್ಲೂ ನಾಲ್ಕು ಕಡೆ ನಿಂತು ಸಾರಬೇಕು. ಓದು ಬಾರದು. ಗುಮಾಸ್ತರು ಎರಡು ಸಲ ಓದಿದರೆ ಸಾಕು, ಒಂದು ಮಾತು ಬಿಡದೆ ಒಪ್ಪಿಸುತ್ತಾರೆ. ಅವರ ತಂದೆಯೂ ಇದೇ ಕೆಲಸದಲ್ಲಿದ್ದವರು. ಆದರೆ ತಂದೆ ಮಾಡದ ಒಂದನ್ನು ಇವರು ಮಾಡುತ್ತಾರೆ. ಸಾರಿದ ಮೇಲೆ ಹೊರಡುವುದಿಲ್ಲ. ಊರಬಾಗಿಲ ಕಲ್ಲಿನ ಮೇಲೆ ಕೂತು, ಜನ ಏನು ಹೇಳುತ್ತಾರೋ ಕೇಳಿಕೊಳ್ಳುತ್ತಾರೆ. ಸೋಮವಾರ ಕಚೇರಿಯ ಜಗಲಿಯ ಮುಂದೆ ನಿಂತು, ಮೂರು ಏಟು ಬಡಿದು, ಅದೇ ರಾಗದಲ್ಲಿ ಅದನ್ನು ಅಧಿಕಾರಿಗೆ ಸಾರುತ್ತಾರೆ.

ಭಾನುವಾರ ನಮ್ಮ ಜಗಲಿಯ ಕೆಳಗೆ ಕೂತು ಇದು ಶುರುವಾದ ಬಗೆ ಹೇಳಿದರು. ಒಂಬತ್ತು ವರ್ಷದ ಹಿಂದೆ ನಾಲೆಯ ನೀರು ನಿಲ್ಲಿಸುವ ಅಪ್ಪಣೆ ಸಾರಿ ಹೊರಟಾಗ, ಮರಿತಾಯಮ್ಮ ಎಂಬ ಮುದುಕಿ ಅಡ್ಡ ನಿಂತಳಂತೆ.

"'ಲೇ ಉಚ್ಚೀರ, ಬರೋವಾಗ ಬಾಯ್ತುಂಬ ತತ್ತೀಯ, ಓಗೋವಾಗ ಬರೀ ಬಾಯಲ್ಲಿ ಓಯ್ತೀಯಲ್ಲ, ನಾಚ್ಕೆ ಆಗಾಕಿಲ್ವ' ಅಂದ್ಲು. ಆಯಮ್ಮ ಯೋಳಿದ್ದು ದಿಟ ಅನ್ನುಸ್ತು ಕಣವ್ವ."

ಊರ ಮಾತನ್ನು ಮೊದಲ ಸಲ ಸಾರಿದಾಗ ಕಚೇರಿಯವರು ಬಿಸಿಲಲ್ಲಿ ನಿಲ್ಲಿಸಿದರು. ಎರಡನೆಯ ಸಲ ಒಂದು ತಿಂಗಳು ಕೆಲಸದಿಂದ ತೆಗೆದರು.

"ಬ್ಯಾರೆಯೋನ್ನ ಕಳ್ಸುದ್ರು. ಅವ್ನು ಸಾರುದ್ರೆ ಒಬ್ರೂ ಮನೆಯಿಂದ ಈಚೆಗೆ ಬರ್ನಿಲ್ಲ. ಬೀದಿ ನಾಯಿಗೆ ಸಾರ್ಕಂಡು ಓದ, ಪಾಪ. ತಿರ್ಗ ನನ್ನೇ ಕರುದ್ರು."

ಈಗಿನ ಅಧಿಕಾರಿ ಬೈಯುವವರಲ್ಲ, ನಗುವವರು. ಕಳೆದ ಸೋಮವಾರ ಡಬ್ಬ ಬಡಿದಾಗ, "ಗುಬ್ಬಿ ಓಡಿಸ್ತಿದ್ದೀಯೇನಯ್ಯ? ತಮಟೆ ಬಡಿದರೆ ಡಂಗುರ, ಡಬ್ಬ ಬಡಿದರೆ ಹರಟೆ. ಹರಟೆ ಕೇಳೋದಕ್ಕೆ ನನಗೆ ಹೊತ್ತಿಲ್ಲ" ಎಂದು ಒಳಗೆ ಹೋದರಂತೆ. ಪತ್ರಿಕೆಗೆ ಬರೆಯುವಾಗ ಅವರ ಹೆಸರು ಹಾಕಬೇಡಿ ಎಂದರು ಹುಚ್ಚೀರಯ್ಯನವರು. "ಆ ಅಯ್ಯನೂ ಎಂಡ್ರು ಮಕ್ಳೊಂದಿಗ."

ಈ ಸಲ ಆರೂ ಊರಿನ ಮಾತು ಒಂದೇ. ಭತ್ತ ಇನ್ನೂ ಗದ್ದೆಯಲ್ಲಿದೆ, ಹದಿನೈದು ದಿನ ಬೇಕು. ನಾಳೆ ಕಚೇರಿ ಇದನ್ನು ಕೇಳದಿದ್ದರೆ ಹಸಿ ಪೈರನ್ನೇ ಕೊಯ್ಯಬೇಕು.

"ಈಗ ನಮ್ಮದೇ ಸರ್ಕಾರ ಬಂದಿದೆಯಲ್ಲ?" ಎಂದೆ.

"ಬಂದದೆ. ನಮ್ದಲ್ದೇ ಇದ್ದಾಗ್ಲೇ ಯೋಳ್ತಿದ್ದೆ. ನಮ್ದಾದ್ ಮ್ಯಾಲೆ ಬುಡಾಕಾಯ್ತದಾ?"

"ನಿಮ್ಮ ತಮಟೆ ಏನಾಯಿತು?"

"ಒಬ್ರು ಈಸ್ಕೊಂಡವ್ರೆ. ಕೊಡ್ತಾರೆ."

"ಯಾರು? ಕೇಳಬಾರದೇ?"

ಅವರು ಕಂಬಳಿ ಕೊಡವಿ ಎದ್ದರು. "ಅವ್ರಿಗೆ ಈಗ ಪುರಸೊತ್ತಿಲ್ಲ ಕಣವ್ವ."

ಅವರು ಹೋದ ಮೇಲೆ ಒಳಗಿನಿಂದ ನಮ್ಮತ್ತೆ ಹೇಳಿದರು: "ಸೌದೆ ಕೊಟ್ಟಿಗೆಯಲ್ಲಿ ಒಂದು ತಮಟೆ ಇದೆ. ಚಳವಳಿಯ ಸಭೆಗೆ ಜನ ಕರೆಯೋಕೆ ಅವನೇ ತಂದಿಟ್ಟಿದ್ದು. ತೊಗಲು, ಮುಟ್ಟೋದು ಹೇಗೆ ಅಂತ ಬಿಟ್ಟಿದೀನಿ."

ಅವನು ಎಂದರೆ ಅತ್ತೆಯ ಮಗ. ವಕೀಲಿ ಮಾಡುತ್ತಿದ್ದ ನನ್ನ ಯಜಮಾನರು. ಸಭೆಯಾದ ವಾರದಲ್ಲೇ ಜ್ವರ ಹಿಡಿದು ಮಲಗಿದ್ದರು.

ಸೋಮವಾರ ಬೆಳಗ್ಗೆ ನಾನು ತಮಟೆ ಎತ್ತಿಕೊಂಡು ಕಚೇರಿಗೆ ನಡೆದೆ. ಬೀದಿಯವರು ನೋಡಿದರು. ಹುಚ್ಚೀರಯ್ಯನವರು ಕಾಂಪೌಂಡಿನ ಗೋಡೆಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಡಬ್ಬ. ತಮಟೆ ಕಂಡು ಎದ್ದು ನಿಂತು, ಎರಡೂ ಕೈ ಚಾಚಿ ಈಸಿಕೊಂಡರು.

ಕಬ್ಬಿನ ತರಗು ಗುಡ್ಡೆ ಮಾಡಿ ಬೆಂಕಿ ಹಚ್ಚಿದರು. ತಮಟೆಯನ್ನು ತಿರುಗಿಸಿ ತಿರುಗಿಸಿ ಕಾಯಿಸಿ, ಹೆಬ್ಬೆರಳಿನಿಂದ ತಟ್ಟಿ ನೋಡಿದರು. ದನಿ ಏರುತ್ತಾ ಬಂತು.

"ಲಾಯರಪ್ಪೋರು ಇದ ಕಾಯಿಸ್ದೇನೇ ಬಡುದ್ರು ಕಣವ್ವ," ಎಂದರು. "ನಾನು ಸಂತೆ ಮೂಲೇಲಿ ನಿಂತು ನೋಡ್ತಿದ್ದೆ. ದಪ್ ದಪ್ ಅಂತಿತ್ತು. ಆದ್ರೂ ಜನ ಬಂದ್ರು."

ಕಚೇರಿಯ ಬಾಗಿಲು ತೆರೆಯಿತು. ಹುಚ್ಚೀರಯ್ಯನವರು ಬಿಲ್ಲೆ ಸರಿಮಾಡಿಕೊಂಡು ಜಗಲಿಯ ಮುಂದೆ ಹೋಗಿ ನಿಂತರು. ಮೂರು ಏಟು. ಒಳಗೆ ಕುರ್ಚಿ ಸರಿದ ಸದ್ದು. ಅಧಿಕಾರಿ ಬಾಗಿಲಿಗೆ ಬಂದರು.

"ಕೇಳಿ ಬುದ್ದಿ ಕೇಳಿ. ಆರೂರಿನ ಅಪ್ಪಣೆ ಆಗದೆ."