ಡಿಸ್ಕಿಗೆ ಕರೆಂಟ್ ಕೊಟ್ಟ ಕಾಕಾ

ಕಂಪ್ಯೂಟರ್ ಬಿಚ್ಚಲು ಕೂತರೆ ಅದರ ಕರಿಯ ಕರೆಂಟ್ ವೈರ್ ಕಾಕಾನ ಕೊರಳಲ್ಲಿ ಜೋತಾಡುತ್ತಿತ್ತು. ಗೋಡೆಯಿಂದಲೂ ಡಬ್ಬಿಯಿಂದಲೂ ಕಿತ್ತು ಹಾರದ ಹಾಗೆ ಹಾಕಿಕೊಂಡುಬಿಡುತ್ತಿದ್ದರು. ಇಲ್ಲಿ ಕೊಲ್ಲಿ ದೇಶದಲ್ಲಿ, ಸಬ್ಹಾನಿನ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿ ರೂಢಿಸಿಕೊಂಡ ಅಭ್ಯಾಸ ಅದು. "ಕೈ ಒಳಗಿದ್ದಾಗ ಯಾರರ ಸ್ವಿಚ್ ಒತ್ತಿದ್ರ ಖಲಾಸ್. ವೈರ್ ನನ್ನ ಕೊಳ್ಳಾಗಿದ್ರ ಯಾರ್ ಒತ್ತಿದ್ರೇನ?" ಎನ್ನುತ್ತಿದ್ದರು. ಅದೇ ಕಾರ್ಖಾನೆಯ ಸದ್ದಿಗೆ ಅವರ ಕಿವಿ ಮುಕ್ಕಾಲು ಹೋಗಿತ್ತು.

ಖೈತಾನ್ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆ ಅವರದು. ಅವರು ವಿಜಯಪುರದವರು, ನಾವು ಬಾಗಲಕೋಟೆಯವರು. ಅವರ ಹೆಂಡತಿ ಊರಲ್ಲಿದ್ದರು. ಶುಕ್ರವಾರ ನಾನು ರೊಟ್ಟಿ ಬಡಿದರೆ ಮೇಲಕ್ಕೂ ಎರಡು ಹೋಗುತ್ತಿದ್ದವು. ಅಷ್ಟಕ್ಕೇ ಕಾಕಾ ಆದರು.

ನನ್ನ ಗಂಡ ಇಲ್ಲೇ, ಕೆಲಸದ ಜಾಗದಲ್ಲೇ ತೀರಿಕೊಂಡರು. ಊರಿಗೆ ಒಯ್ದು, ಕಾರ್ಯ ಮುಗಿಸಿ, ಮಗಳನ್ನು ಕರೆದುಕೊಂಡು ಜಾಬ್ರಿಯಾದ ಕ್ಲಿನಿಕ್ಕಿನ ನರ್ಸ್ ಕೆಲಸಕ್ಕೆ ಮರಳಿದೆ. ಗಟ್ಟಿ ಹೆಂಗಸು ಎಂದು ಎಲ್ಲರೂ ಹೊಗಳಿದರು. ಗಟ್ಟಿತನ ಎಲ್ಲಿಯದು, ನನಗೆ ಏನೂ ಅನ್ನಿಸುತ್ತಿರಲಿಲ್ಲ. ಒಂದು ಹನಿ ಕಣ್ಣೀರೂ ಬಂದಿರಲಿಲ್ಲ.

ಅವರ ಫೋನು ಕಂಪನಿಯದು, ವಾಪಸ್ ಹೋಗಿತ್ತು. ಉಳಿದದ್ದು ಹಳೆಯ ಕಂಪ್ಯೂಟರಿನಲ್ಲಿದ್ದ ಮಗಳ ವಿಡಿಯೋಗಳು. ತೆಗೆಯುತ್ತಿದ್ದವರು ಅವರೇ ಆದ್ದರಿಂದ ಮುಖ ಎಲ್ಲೂ ಇಲ್ಲ, ದನಿ ಮಾತ್ರ ಇದೆ. ಒಂದು ದಿನ ನೋಡೋಣವೆಂದು ಹಾಕಿದರೆ ಒಳಗೆ ಟಿಕ್ ಟಿಕ್ ಎಂದು ಡಿಸ್ಕ್ ನಿಂತೇಬಿಟ್ಟಿತು. "ಇಟ್ಸ್ ಡೆಡ್, ಅಮ್ಮ" ಎಂದಳು ಮಗಳು.

ಶುಕ್ರವಾರ ಊಟವಾದ ಮೇಲೆ ಕಾಕಾ ಇಳಿದು ಬಂದರು. "ಮೊದ್ಲ ಕರೆಂಟ್ ನೋಡೂಣು. ಹೊಟ್ಟಿಗಿಲ್ದಾಂವಗ ಸತ್ತಾನ ಅನಬಾರ್ದು." ಡಿವಿಡಿ ಡ್ರೈವಿನ ಪ್ಲಗ್ ಕಿತ್ತು ಡಿಸ್ಕಿಗೆ ಚುಚ್ಚಿದರು. ಮತ್ತೆ ಟಿಕ್ ಟಿಕ್. ನನ್ನವರು ಆಮೇಲೆ ಸೇರಿಸಿದ್ದ ಇನ್ನೊಂದು ಡಿಸ್ಕನ್ನೂ ಕರೆಂಟಿನ ಹೊರೆ ಇಳಿಯಲೆಂದು ಬಿಡಿಸಿದರು. ಆಗಲೂ ಅದೇ. ಕರೆಂಟ್ ಹಂಚುವ ಪೆಟ್ಟಿಗೆಗೇ ವಯಸ್ಸಾಗಿದೆ ಎಂದು ಮೇಲೆ ಹೋಗಿ ಬೇರೊಂದು ತಂದರು. ಮೀಟರ್ ಹಿಡಿದು ಅದನ್ನು ಪರೀಕ್ಷಿಸಿ, ಹೊರಗೇ ಇಟ್ಟು, ವೈರುಗಳನ್ನಷ್ಟೇ ಒಳಗೆಳೆದರು. ಸ್ವಿಚ್ ಹಾಕಿ ಡಿಸ್ಕಿನ ಬೆನ್ನಿಗೆ ಅಂಗೈ ಇಟ್ಟರು. ಕೇಳಿಸದ್ದನ್ನು ಅವರು ಹಾಗೆ ಮುಟ್ಟಿ ತಿಳಿಯುತ್ತಿದ್ದರು.

"ತಿರಗಾಕತ್ತೇತಿ" ಎಂದರು. "ಮೊದ್ಲ ಕಾಪಿ ಮಾಡ್ಕೋ ತಂಗಿ. ನೋಡೂದು ಆಮ್ಯಾಲೆ."

ಎಲ್ಲ ಕಾಪಿಯಾದ ಮೇಲೆ ಒಂದನ್ನು ತೆರೆದೆ. "ಇಲ್ ನೋಡ ಪುಟ್ಟಿ, ಇಲ್ಲಿ" ಎಂದರು ನನ್ನ ಗಂಡ. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಂತೇನು ದನಿ?"

"ಬಂತ್ರಿ ಕಾಕಾ."

ಆಗಲೂ ನನಗೆ ಏನೂ ಅನ್ನಿಸಲಿಲ್ಲ. ಚಹಾ ಮಾಡಿಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆ, ಅವರು ಹಾಗೆಯೇ ಪೂರ್ತಿ ಕುಡಿದರು.

ಮರುವರ್ಷ ರಜೆಗೆಂದು ಊರಿಗೆ ಹೋದ ಕಾಕಾ ಅಲ್ಲಿಯೇ ತೀರಿಕೊಂಡರು. ಕೆಲವು ದಿನ ಬಿಟ್ಟು ಅವರ ಹೆಂಡತಿಯ ಫೋನ್ ಬಂತು. ಫೋನಿನಲ್ಲಿ ಕೇಳಿಸುವುದು ನಿಂತ ಮೇಲೆ ಕಾಕಾ ಅದರಲ್ಲಿ ಮಾತಾಡುವುದನ್ನೇ ಬಿಟ್ಟು, ಹೆಂಡತಿಗೂ ಬರೆದೇ ಕಳಿಸುತ್ತಿದ್ದರಂತೆ.

"ಫೋಟೋ ಭಾಳ ಅದಾವ ತಂಗಿ. ಅವರ ದನಿ ಏನರ ಐತೇನ ನಿನ್ನ ಹಂತೇಕ?"

ನಾಳೆ ಹೇಳುತ್ತೇನೆ ಎಂದು ಕಂಪ್ಯೂಟರಿನಲ್ಲೂ ಫೋನಿನಲ್ಲೂ ಹುಡುಕಿದೆ. ನಮ್ಮ ಮನೆಯಲ್ಲಿ ಅಷ್ಟು ಶುಕ್ರವಾರ ಉಂಡ ಮನುಷ್ಯನ ಒಂದು ಮಾತೂ ಎಲ್ಲೂ ಇರಲಿಲ್ಲ. ಮರುದಿನ ಫೋನ್ ಮಾಡಿ "ಇಲ್ರಿ ಕಾಕು" ಎಂದೆ.

"ಇರ್ಲಿ ಬಿಡವಾ" ಎಂದು ಅವರು ಫೋನಿಟ್ಟರು. ಗಂಡ ಸತ್ತಾಗ ಬಾರದ ಅಳು ನನಗೆ ಆಗ ಬಂತು.