ಎದುರುಮನೆ ಕಿಟಕಿಯ ಫೋಟೋ

ಕಿಟಕಿ ಫೋಟೋ ತೆಗೆಯೋಕೆ ಮೋಡ ಕವಿದಿರಬೇಕು. ಬಿಸಿಲಿದ್ದರೆ ಸರಳಿನ ನೆರಳೂ ಫೋಟೋದಲ್ಲಿ ಬಂದುಬಿಡುತ್ತೆ, ಆಮೇಲೆ ಅದನ್ನು ಅಳಿಸೋಷ್ಟರಲ್ಲಿ ಸಾಕುಸಾಕಾಗುತ್ತೆ. ಕಂಪ್ಯೂಟರ್ ಗೇಮ್ ಆಡುವವರು ಓಡಾಡೋ ಬೀದಿ, ಮನೆಗಳನ್ನು ಕಟ್ಟೋದು ನನ್ನ ಕೆಲಸ. ಗೌರಿಬಿದನೂರಿನ ಮನೆಯಲ್ಲೇ ಕೂತು ಮಾಡ್ತೀನಿ. ಮಂಚೇನಹಳ್ಳಿ, ಶಿಡ್ಲಘಟ್ಟ ಅಂತ ಬಸ್ಸು ಹತ್ತಿ ಹೋಗಿ ಗೇಮ್‌ನ ಮನೆಗಳಿಗೆ ಅಂಟಿಸೋಕೆ ಹಳೇ ಕಿಟಕಿಗಳ ಫೋಟೋ ತೆಗೆದು ತರ್ತೀನಿ. "ಯಾಕಮ್ಮ, ರಸ್ತೆ ಅಗಲ ಮಾಡ್ತಾರಾ?" ಅಂತ ಎಷ್ಟು ಜನ ಗಾಬರಿಯಾಗಿ ಕೇಳಿದಾರೋ! ಗೇಮ್‌ಗೆ ಅಂದರೆ ಯಾರೂ ನಂಬಲ್ಲ.

ನಂಬಿದ್ದು ಒಬ್ಬಳೇ, ಎದುರುಮನೆ ಹುಡುಗಿ. ಡಿಗ್ರಿ ಓದ್ತಿದ್ದಳು. ಕಾಲೇಜು ಮುಗಿಸಿ ನೇರ ನಮ್ಮನೆಗೇ ಬಂದು, ನನ್ನ ಪಕ್ಕ ಕೂತು ಚಿತ್ರ ಬಿಡಿಸೋದು ಕಲೀತಿದ್ದಳು. ಸ್ಕ್ರೀನ್ ಮೇಲೆ ಬರೆಯುವಾಗ ಕೈಬೆವರು ತಾಗದಿರಲಿ ಅಂತ ನಾವು ಕಿರುಬೆರಳು, ಉಂಗುರಬೆರಳು ಎರಡನ್ನೇ ಮುಚ್ಚೋ ಕಪ್ಪು ಗ್ಲೌಸ್ ಹಾಕ್ಕೋತೀವಿ. ಅವಳಿಗೊಂದು ಕೊಟ್ಟಿದ್ದೆ. ಕಾಲೇಜಿಗೂ ಅದನ್ನ ಹಾಕ್ಕೊಂಡೇ ಹೋಗೋಳು, ಶೋಕಿ!

ಯುಗಾದಿ ಆದಮೇಲೆ ಬರೋದು ನಿಂತೇಹೋಯ್ತು. ಅವರಮ್ಮನ್ನ ಕೇಳಿದರೆ "ಚಿಂತಾಮಣೀಲಿ ಅವರತ್ತೆ ಮನೇಲಿದಾಳೆ, ಅಲ್ಲೇ ಕಾಲೇಜಿಗೆ ಹಾಕಿದೀವಿ" ಅಂದರು. ಹುಡುಗಿ ಫೋನ್ ಸ್ವಿಚ್ ಆಫ್. ಒಂದು ಮಾತು ಹೇಳದೆ ಹೋದಳಲ್ಲ ಅಂತ ನನಗೆ ಮೈಯೆಲ್ಲ ಉರಿದುಹೋಯ್ತು. ಬರಲಿ, ಗ್ರಹಚಾರ ಬಿಡಿಸ್ತೀನಿ ಅಂದ್ಕೊಂಡಿದ್ದೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಚೆನ್ನಾಗಿ ಮೋಡ ಕವಿದಿತ್ತು. ಮಹಡಿ ಮೇಲೆ ನಿಂತು ಎದುರುಮನೆಯ ಹಸಿರು ಕಿಟಕಿಯ ಫೋಟೋ ತೆಗೆದೆ. ಫೋಟೋ ಸಿಕ್ಕಿದ ಮೇಲೆ ನಾವು ಮೊದಲು ಮಾಡೋದು ಕಿಟಕಿಯೊಳಗೆ ಕಾಣೋದನ್ನೆಲ್ಲ ಅಳಿಸೋದು. ಮುಖ, ಒಣಹಾಕಿದ ಟವೆಲ್ಲು, ಕ್ಯಾಲೆಂಡರು, ಯಾವುದೂ ಇರಬಾರದು. ಆಗಲೇ ಒಂದೇ ಕಿಟಕಿಯನ್ನು ಎಷ್ಟು ಮನೆಗೆ ಬೇಕಾದರೂ ಅಂಟಿಸಬಹುದು. ದೊಡ್ಡದು ಮಾಡಿಕೊಂಡು ಅಳಿಸ್ತಾ ಅಳಿಸ್ತಾ ಕೆಳಗಿನ ಸರಳಿನ ಹತ್ತಿರ ಬಂದೆ. ಅರ್ಧ ಮುಚ್ಚಿದ ಕಿಟಕಿ ಬಾಗಿಲ ಸಂದಿಯಲ್ಲಿ ಸರಳು ಹಿಡಿದ ಒಂದು ಕೈ. ಎರಡು ಬೆರಳು ಕಪ್ಪಗಿದ್ದವು.

ನಾನು ಕೊಟ್ಟ ಗ್ಲೌಸು! ಅವಳು ಕೂಗಿದರೆ ಅವರಮ್ಮನಿಗೆ ಕೇಳುತ್ತೆ. ಅದಕ್ಕೇ, ನಾನು ಫೋಟೋ ತೆಗೆಯೋದು ನೋಡಿ, ಬೇಕಂತಲೇ ಗ್ಲೌಸ್ ಹಾಕ್ಕೊಂಡು ಸರಳು ಹಿಡಿದಿದ್ದಾಳೆ. ಒಂದೊಂದು ಮೂಲೆಯನ್ನೂ ನೋಡಿ ಅಳಿಸ್ತೀನಿ ಅಂತ ಅವಳಿಗೆ ಗೊತ್ತಲ್ಲ! ಅಯ್ಯೋ, ಇಷ್ಟು ತಿಂಗಳು ಆ ಕೋಣೆಯಲ್ಲೇ ಇದ್ದಳಾ!

ಏನಂತ ಹೋಗಿ ಬಾಗಿಲು ಬಡಿಯೋದು? ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿತ್ತು. ಅರಿಶಿನ ಕುಂಕುಮಕ್ಕೆ ಕರೆಯೋಕೆ ಹೋದರೆ ಆ ಮನೆಯ ಹೆಣ್ಣುಮಕ್ಕಳಿಗೆಲ್ಲ ಕುಂಕುಮ ಇಟ್ಟು ಕರೀಬೇಕು, ಯಾರೂ ಬೇಡ ಅನ್ನೋ ಹಾಗಿಲ್ಲ. ಬಟ್ಟಲು ಹಿಡ್ಕೊಂಡು ಹೊರಟೆ. ಹುಡುಗಿಯ ಅಪ್ಪ ಕುಡುಮಲಕುಂಟೆ ಫ್ಯಾಕ್ಟರಿಗೆ ಹೋಗಿದ್ದರು.

ಅವರಮ್ಮನಿಗೆ ಕುಂಕುಮ ಇಟ್ಟೆ. "ಮಗಳಿಗೂ ಇಡ್ತೀನಿ, ಕರೀರಿ" ಅಂದೆ.

"ಅವಳು ಚಿಂತಾಮಣೀಲಿ..."

"ಆಂಟಿ, ನನ್ನ ಹತ್ರ ನಾಟಕ ಬೇಡ. ಫೋಟೋದಲ್ಲಿ ಅವಳ ಕೈ ನೋಡಿದೀನಿ."

ಆಕೆಯ ಮುಖ ಬಿಳಿಚಿಕೊಂಡಿತು. "ಸೋದರಮಾವನ್ನ ಮಾಡ್ಕೊಳ್ಳಲ್ಲ ಅಂತಾಳೆ ಕಣಮ್ಮ. ನನ್ನ ತಮ್ಮನಿಗೇನು ಕಮ್ಮಿ? ಒಪ್ಪೋವರೆಗೂ ಒಳಗಿರ್ಲಿ ಅಂತ ಅವರಪ್ಪ..." ಅಂತ ತಡವರಿಸಿದರು. ಆಮೇಲೆ "ನೀಕೆಂದುಕಮ್ಮಾ?" ಅಂತ ತೆಲುಗಲ್ಲಿ ರೇಗಿದರು.

"ನನಗ್ಯಾಕಾ? ಹುಡುಗೀನ ಕೂಡಿಹಾಕಿ ಲಕ್ಷ್ಮೀನ ಕೂರಿಸ್ತೀರಾ? ಥೂ!" ಬೀದಿಗೆಲ್ಲ ಕೇಳೋ ಹಾಗೆ ಕೂಗಿದೆ. ಪೊಲೀಸರಿಗೆ ಫೋನ್ ಮಾಡ್ತೀನಿ ಅಂತಲೂ ಅಂದೆ.

ಒಳಗಿಂದ ದಬದಬ ಬಾಗಿಲು ಬಡಿಯೋ ಸದ್ದು ಬಂತು. "ಅಕ್ಕಾ, ಹೋಗಬೇಡಿ! ಅಕ್ಕಾ!"

ಹೊಸಿಲ ಮೇಲೆ ಕೂರಬಾರದು ಅಂತ ಗೊತ್ತು. ಕೂತುಬಿಟ್ಟೆ. ಆಕೆ ಮಗಳ ಕೋಣೆ ಕಡೆ ತಿರುಗಿ ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಬೀಗದ ಕೈ ತೆಗೆದು ನನ್ನ ಬಟ್ಟಲಿನ ಕುಂಕುಮದ ಮೇಲೆ ಹಾಕಿದರು.

"ಅವರು ಬರೋಷ್ಟರಲ್ಲಿ ಕರ್ಕೊಂಡು ಹೋಗು. ಎಲ್ಲಿಗೆ ಅಂತ ಮಾತ್ರ ನನಗೆ ಹೇಳಬೇಡಮ್ಮ. ಹೊಡೆದರೆ ಹೇಳಿಬಿಡ್ತೀನಿ."