ನಕಲು ಮಾಡಿ ಹರಿದ ಕಾಗದ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಗೋಡೆ ಪತ್ರಿಕೆಯ ಬೋರ್ಡಿಗೆ ಹಸಿರು ಬಟ್ಟೆ ಹೊದಿಸಿದ್ದರೆಂದು ನನ್ನ ನೆನಪು. ಆ ಕಾಲದ ನನ್ನ ಡೈರಿ ನೀಲಿ ಎನ್ನುತ್ತದೆ. ಯಾವುದನ್ನು ನಂಬಬೇಕೋ ನನಗೂ ತಿಳಿಯದು.

ಈಗ ನೆನಪಾಗಲು ಕಾರಣ ತಂಗಿಯ ಮಗಳು ಅನಘಾಳ ಫೋನು. ಕಾಲೇಜು ಹುಡುಗರ ಒಂದು ಆನ್‌ಲೈನ್ ಗುಂಪಿನಲ್ಲಿ ಯಾರು ಏನು ಬರೆದರೂ ಓದಿ, ಇರಬೇಕೋ ತೆಗೆಯಬೇಕೋ ಎಂದು ತೀರ್ಮಾನಿಸುವ ಕೆಲಸ ಅವಳದು. ಮೊನ್ನೆ ಸಂಜೆ ಚಹಾ ಮರೆತು ಕೂತಿದ್ದವಳು ಫೋನನ್ನು ನನ್ನ ಕಡೆ ಚಾಚಿದಳು.

"ದೊಡ್ಡಮ್ಮ, ಯೇ ದೇಖೋ ನಾ. ತುಂಬ ಸ್ಯಾಡ್ ಬರ್ದಿದಾರೆ. ರೂಲ್ ಪ್ರಕಾರ ಡಿಲೀಟ್ ಮಾಡ್ಬೇಕು. ಮಾಡ್ಲಾ?"

ಕನ್ನಡಕ ಹುಡುಕುವ ನೆಪದಲ್ಲಿ ಎದ್ದು ಒಳಗೆ ಹೋದೆ. ಕನ್ನಡಕ ತಲೆಯ ಮೇಲೇ ಇತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನಾನೂ ಇದೇ ಕೆಲಸ ಮಾಡುತ್ತಿದ್ದೆ. ಸಯನ್ ಬಡಾವಣೆಯ ಹಳೆಯ ಬಿಲ್ಡಿಂಗೊಂದರ ಮೊದಲ ಮಹಡಿಯಲ್ಲಿ ನಮ್ಮ ಕನ್ನಡ ಸಂಘದ ಕೋಣೆಯಿತ್ತು. ಅಲ್ಲಿಗೆ ಕೇರಂ ಆಡಲು ಬರುವ ಹುಡುಗ ಹುಡುಗಿಯರಿಗೆಂದು ಒಂದು ಗೋಡೆ ಪತ್ರಿಕೆ, ಕೆಳಗೆ ಬೀಗ ಹಾಕಿದ ಡಬ್ಬಿ. ಹೆಸರಿಲ್ಲದೆ ಏನು ಬೇಕಾದರೂ ಬರೆದು ಹಾಕಬಹುದು. ಎಂ.ಎ. ಮಾಡಿದವಳೆಂದು ಬೀಗದ ಕೈ ನನಗೆ ಕೊಟ್ಟಿದ್ದರು. ಅಕ್ಷರದಿಂದ ಯಾರೆಂದು ಗೊತ್ತಾಗಬಾರದಲ್ಲ? ಅದಕ್ಕೆ ನಾನೊಂದು ಕ್ರಮ ಮಾಡಿಕೊಂಡಿದ್ದೆ: ಪ್ರತಿ ಕಾಗದವನ್ನೂ ನನ್ನ ಗುಂಡು ಅಕ್ಷರದಲ್ಲಿ ನಕಲು ಮಾಡಿ, ಮೂಲವನ್ನು ಚೂರುಚೂರಾಗಿ ಹರಿದುಬಿಡುವುದು. ಹಿಂದಿ ಬೆರೆತ ಅವರ ಕನ್ನಡವನ್ನು ತಿದ್ದುವುದೂ ಇತ್ತು. ತಿದ್ದುವುದರಲ್ಲಿ ನನಗೊಂದು ಸಣ್ಣ ಸುಖವಿತ್ತು, ಸುಳ್ಳು ಯಾಕೆ ಹೇಳಲಿ.

ಅಪ್ಪ ಸಿನಿಮಾಕ್ಕೆ ಬಿಡುವುದಿಲ್ಲ, ಗಣಿತ ತಲೆಗೆ ಹತ್ತುವುದಿಲ್ಲ, ಹೆಚ್ಚಿನವು ಇಂಥವೇ. ಒಂದು ಮಾತ್ರ ಬೇರೆ ಇತ್ತು. "ಬೆಳಗ್ಗೆ ಏಳಕ್ಕೇ ಮನ್ಸಿಲ್ಲ. ಪಾಸಾದ್ರೂ ಹಂಗೇ, ಫೇಲಾದ್ರೂ ಹಂಗೇ. ಚಾಳ್‌ನಲ್ಲಿ ಇಷ್ಟ್ ಜನ ಇದಾರೆ, ಒಬ್ರಿಗೂ ಹೇಳಕ್ಕಾಗಲ್ಲ. ನಾನಿಲ್ದಿದ್ರೂ ನಡಿಯುತ್ತೆ." ಇಷ್ಟೇ ಇತ್ತೋ, ಇನ್ನೂ ಇತ್ತೋ.

ಸಂಘದ ಕಾರ್ಯದರ್ಶಿ ಶೆಟ್ಟರು, ಹೋಟೆಲು ನಡೆಸುತ್ತಿದ್ದವರು, ಓದಿ ಹಿಂದಿರುಗಿಸಿದರು. "ಎಂತ ಮಾರಾಯ್ತಿ ಇದು? ಮಕ್ಕಳ ಬೋರ್ಡೋ, ಆಸ್ಪತ್ರೆ ಬೋರ್ಡೋ? ಇದನ್ನು ಹಾಕಿದ್ರೆ ಬರುವ ವಾರ ಇಂಥದ್ದೇ ಹತ್ತು ಬರ್ತದೆ."

"ಹಾಕದಿದ್ರೆ ಬರೆದವರು ಏನಂದ್ಕೋತಾರೆ ಶೆಟ್ರೇ?"

"ಹಾಗಾದ್ರೆ ಸ್ವಲ್ಪ ಹಗುರ ಮಾಡಿ ಹಾಕು. ನಿನಗೆ ಕನ್ನಡ ಬರ್ತದಲ್ಲ."

ಬರುತ್ತಿತ್ತು. ಕೊನೆಯ ಎರಡು ವಾಕ್ಯ ಬಿಟ್ಟೆ. 'ಪರೀಕ್ಷೆಯ ಚಿಂತೆ' ಎಂದು ತಲೆಬರಹ ಕೊಟ್ಟೆ. ಬೇಗ ಮಲಗಿ ಬೇಗ ಏಳಿ ಎಂದು ಕೆಳಗೊಂದು ಸಲಹೆಯನ್ನೂ ಸೇರಿಸಿದೆ. ಮೂಲವನ್ನು ಹರಿದೆ.

ಮುಂದಿನ ಭಾನುವಾರ ಡಬ್ಬಿಯಲ್ಲಿ ಬಸ್ ಟಿಕೆಟಿನಷ್ಟು ಚೀಟಿ: "ನಾನು ಬರ್ದಿದ್ದು ಇದಲ್ಲ."

ಗುರುತು ಸಿಗಬಾರದೆಂಬ ನನ್ನ ಪಾಠವನ್ನು ಬರೆದವರು ಚೆನ್ನಾಗಿ ಕಲಿತಿದ್ದರು. ಚೀಟಿಯಲ್ಲಿ ಇದ್ದದ್ದು ನನ್ನದೇ ಗುಂಡು ಅಕ್ಷರದ ಅನುಕರಣೆ. ಹೋಲಿಸಿ ನೋಡಲು ಮೊದಲ ಕಾಗದ ಇಲ್ಲ. ಯಾವ ಇಂಕು, ಯಾವ ಕೈ, ಹುಡುಗನೋ ಹುಡುಗಿಯೋ, ಒಂದೂ ನೆನಪಿಲ್ಲ. ಶೆಟ್ಟರು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯಾರ ಮಗು ಮಾರಾಯ್ತಿ ಅದು?"

'ನೀನು ಬರೆದದ್ದನ್ನು ನಾನು ಕೆಡಿಸಿದೆ, ತಪ್ಪಾಯಿತು. ಭಾನುವಾರ ಪೂರ್ತಿ ಇಲ್ಲೇ ಇರುತ್ತೇನೆ, ಬಾ' ಎಂದು ಬೋರ್ಡಿನಲ್ಲಿ ಹಾಕಿದೆ. ಎಷ್ಟೋ ಭಾನುವಾರ ಕೂತೆ. ಕೇರಂ ಆಡುವವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಎಲ್ಲರೂ ನಗುತ್ತಿದ್ದರು. ಯಾರೂ ಬರಲಿಲ್ಲ. ಆ ಮಕ್ಕಳೆಲ್ಲ ಬೆಳೆದು ಎಲ್ಲೆಲ್ಲಿಗೋ ಹೋದರು. ಬರೆದವರೂ ಅವರಲ್ಲಿ ಒಬ್ಬರಾಗಿ ಎಲ್ಲೋ ಇದ್ದಾರೆಂದು ನಂಬಿದ್ದೇನೆ. ಆಧಾರ ಕೇಳಬೇಡಿ. ಕಾಗದ ಹರಿದ ದಿನದ ಡೈರಿಯಲ್ಲಿರುವುದು ಇಷ್ಟು: 'ಏಳು ಕಾಗದ ಬಂದಿದ್ದವು. ಹಿಂದಿರುಗುವಾಗ ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು.'

ಹೊರಗೆ ಬಂದಾಗ ಅನಘಾ ಹಾಗೆಯೇ ಕೂತಿದ್ದಳು.

"ಎಲ್ಲರ ಕಣ್ಣಿಗೆ ಬೀಳದ ಹಾಗೆ ಇಡೋಕಾಗತ್ತೇನೇ?"

"ಹೈಡ್ ಮಾಡ್ಬಹುದು."

"ಮಾಡು. ಅಳಿಸಬೇಡ, ಒಂದಕ್ಷರ ತಿದ್ದಬೇಡ. ಮೊದಲು ಅವರಿಗೇ ಬರೆ, ಪೂರ್ತಿ ಓದಿದೆ ಅಂತ. ಈಗ ಜೊತೆಗೆ ಯಾರಿದ್ದಾರೆ ಅಂತ ಕೇಳು."

"ಅಷ್ಟೇನಾ? ಅಡ್ವೈಸ್ ಕುಛ್ ನಹೀ?"

"ಅದನ್ನು ನಾನು ಒಂದು ಸಲ ಕೊಟ್ಟಾಗಿದೆ."

ಅವಳಿಗೆ ಅರ್ಥವಾಗಲಿಲ್ಲ; ಆದರೂ ಬರೆದಳು. ನಾನು ಆರಿದ ಚಹಾವನ್ನು ಒಳಗೆ ಒಯ್ದು ಬಿಸಿ ಮಾಡಿ ತಂದೆ. ಲೋಟ ಅವಳ ಮುಂದಿಟ್ಟು, ಎದುರು ಕೂತು ಕೇಳಿದೆ:

"ಉತ್ತರ ಬಂತಾ, ಅನಘಾ?"

"ಇನ್ನೂ ಇಲ್ಲ, ದೊಡ್ಡಮ್ಮ," ಎಂದು ಅವಳು ಪರದೆಯ ಮೇಲೇ ಕಣ್ಣಿಟ್ಟು ಲೋಟವನ್ನು ಹತ್ತಿರ ಎಳೆದುಕೊಂಡಳು.